ಆನುವಂಶಿಕತೆಯೂ ಸ್ವಯಂಪ್ರತಿರಕ್ಷಾ ರೋಗಗಳೂ: ಚರಿತ್ರೆಯ ದೃಷ್ಟಿಯಿಂದ ಒಂದು ವಿವೇಚನೆ

೧. ಪ್ರವೇಶ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಆನುವಂಶಿಕತೆಯನ್ನು ಕುರಿತ ಜನಸಾಮಾನ್ಯರ ತಿಳಿವಳಿಕೆ ಬಹುಮಟ್ಟಿಗೆ ಈ ನಾಲ್ಕು ಮಾತುಗಳಲ್ಲಿ ಅಡಕವಾಗಿದೆ. ಮನೆಯಲ್ಲಿ ಒಬ್ಬರಿಗೆ ದೀರ್ಘಕಾಲದ ರೋಗವೊಂದು ಕಾಣಿಸಿಕೊಂಡರೆ, ‘ಇದು ವಂಶದಲ್ಲಿಯೇ ಇದೆಯೆ?’ ಎಂಬ ಪ್ರಶ್ನೆ ಒಡನೆಯೇ ಏಳುತ್ತದೆ. ಮದುವೆಯ ಮಾತುಕತೆ ನಡೆಯುವಾಗ ಅದೇ ಪ್ರಶ್ನೆಯನ್ನು ಬೀಗರಾಗಬೇಕಾದವರು ಕೇಳುತ್ತಾರೆ. ಅದಕ್ಕೆ ದೊರೆತ ಅರೆಬೆಂದ ಉತ್ತರದಿಂದ ಒಬ್ಬ ಹೆಣ್ಣುಮಗಳ ಬಾಳಿನ ದಿಕ್ಕೇ ಬದಲಾಗುವುದುಂಟು. ಆದುದರಿಂದ ಈ ಪ್ರಶ್ನೆಗೆ ವಿಜ್ಞಾನವು ಖಚಿತವಾಗಿ ಏನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಯುವುದು ವಿದ್ಯಾವಂತರೆಲ್ಲರಿಗೂ ಅಗತ್ಯ.

ಇಂಥ ವಿಷಯಕ್ಕೆ ಚರಿತ್ರೆಯ ವಿಭಾಗದ ಸಂಚಿಕೆಯಲ್ಲಿ ಎಡೆಯೇಕೆ ಎಂದು ಯಾರಾದರೂ ಕೇಳಬಹುದು. ಎರಡು ಕಾರಣಗಳಿವೆ. ಈ ರೋಗಗಳ ಕಲ್ಪನೆ ಬೆಳೆದುಬಂದ ಬಗೆಯೇ ವಿಚಾರಗಳ ಇತಿಹಾಸದಲ್ಲಿ ಗಮನಿಸತಕ್ಕ ಒಂದು ಅಧ್ಯಾಯ ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಮುಖ್ಯವಾದುದು: ಆನುವಂಶಿಕ ಅಪಾಯವನ್ನು ಅಳೆಯಲು ವಿಜ್ಞಾನಿಗಳು ಈಗ ಬಳಸುತ್ತಿರುವ ಸಾಕ್ಷ್ಯಗಳಲ್ಲಿ ಹಲವು ನಮ್ಮ ಕ್ಷೇತ್ರಕ್ಕೇ ಸೇರಿದವು. ಕ್ಷಾಮ, ರಾಜ್ಯಗಳ ಗಡಿ, ಜನಾಂಗಗಳ ವಲಸೆ, ಮಹಾಮಾರಿಯಲ್ಲಿ ಸತ್ತವರ ಸಮಾಧಿ—ಇವೆಲ್ಲವೂ ಇಂದು ವೈದ್ಯಶಾಸ್ತ್ರದ ದಾಖಲೆಗಳಾಗಿವೆ. ಈ ದಾಖಲೆಗಳ ಬೆಲೆಯನ್ನು ತೂಗಿ ನೋಡುವ ಕೆಲಸದಲ್ಲಿ ನಮಗೂ ಪಾಲಿದೆ.

೨. ಕಲ್ಪನೆ ಬೆಳೆದುಬಂದ ಬಗೆ

ಹೊರಗಿನಿಂದ ನುಗ್ಗುವ ರೋಗಾಣುಗಳನ್ನು ಎದುರಿಸಿ ನಾಶಮಾಡುವ ಒಂದು ವ್ಯವಸ್ಥೆ ನಮ್ಮ ದೇಹದಲ್ಲಿದೆ. ಬಿಳಿಯ ರಕ್ತಕಣಗಳೂ ಅವು ತಯಾರಿಸುವ ಪ್ರತಿಕಾಯಗಳೂ ಇದರ ಮುಖ್ಯ ಅಂಗಗಳು. ಈ ವ್ಯವಸ್ಥೆ ತನ್ನದು, ಪರರದು ಎಂಬ ವಿವೇಚನೆಯನ್ನು ತಪ್ಪಿ ದೇಹದ ಸ್ವಂತ ಅಂಗಾಂಶಗಳ ಮೇಲೆಯೇ ತಿರುಗಿಬಿದ್ದಾಗ ಉಂಟಾಗುವ ವ್ಯಾಧಿಗಳಿಗೆ ಸ್ವಯಂಪ್ರತಿರಕ್ಷಾ ರೋಗಗಳು, ಅಥವಾ ವೈದ್ಯರ ಮಾತಿನಲ್ಲಿ ಆಟೋಇಮ್ಯೂನ್ ರೋಗಗಳು, ಎಂದು ಹೆಸರು. ಮಕ್ಕಳಲ್ಲಿಯೂ ಎಳೆಯರಲ್ಲಿಯೂ ಹೆಚ್ಚಾಗಿ ಕಾಣುವ ಒಂದನೆಯ ಬಗೆಯ ಮಧುಮೇಹ, ಕೀಲುಗಳನ್ನು ಕೆಡಿಸುವ ರುಮಟಾಯ್ಡ್ ಸಂಧಿವಾತ, ನರಗಳ ಹೊದಿಕೆಯನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೀರೋಸಿಸ್, ಹಲವು ಅಂಗಗಳನ್ನು ಒಟ್ಟಿಗೆ ಪೀಡಿಸುವ ಲೂಪಸ್, ಥೈರಾಯಿಡ್ ಗ್ರಂಥಿಯ ಕೆಲವು ರೋಗಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಹೆಚ್ಚಿನವು ಗಂಡಸರಿಗಿಂತ ಹೆಂಗಸರನ್ನು ಅಧಿಕವಾಗಿ ಬಾಧಿಸುತ್ತವೆ. ಲೂಪಸ್ ರೋಗಿಗಳಲ್ಲಂತೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ದೇಹವು ತನಗೆ ತಾನೇ ವೈರಿಯಾಗಬಹುದೆಂಬ ಮಾತನ್ನು ವೈದ್ಯಲೋಕ ಸುಲಭವಾಗಿ ಒಪ್ಪಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪಾಲ್ ಎರ್ಲಿಖ್, ಸ್ವಂತ ಅಂಗಾಂಶಗಳ ಮೇಲೆ ಎರಗದಂತೆ ತಡೆಯುವ ಏರ್ಪಾಡೊಂದು ದೇಹದಲ್ಲಿರಬೇಕೆಂದು ಊಹಿಸಿ, ಅದಕ್ಕೆ ‘ಹಾರರ್ ಆಟೋಟಾಕ್ಸಿಕಸ್’ ಎಂಬ ಹೆಸರಿಟ್ಟನು. ಏರ್ಪಾಡು ಇದೆ ಎಂದಷ್ಟೇ ಅವನು ಹೇಳಿದ್ದುದನ್ನು, ಅದು ಎಂದೂ ಕೆಡಲಾರದೆಂದು ಅನಂತರದವರು ಅರ್ಥಮಾಡಿಕೊಂಡರು. ೧೯೦೪ರಲ್ಲಿಯೇ ವಿಯೆನ್ನಾದ ಡೊನಾಥ್ ಮತ್ತು ಲ್ಯಾಂಡ್‌ಸ್ಟೈನರ್ ಎಂಬವರು, ಚಳಿಗೆ ಮೈಯೊಡ್ಡಿದೊಡನೆ ಕೆಂಪು ರಕ್ತಕಣಗಳು ಒಡೆದುಹೋಗುವ ರೋಗವೊಂದರಲ್ಲಿ ರೋಗಿಯ ಸ್ವಂತ ರಕ್ತದ ಪ್ರತಿಕಾಯವೇ ಕಾರಣವೆಂದು ತೋರಿಸಿದ್ದರೂ, ಆ ಮಾತಿಗೆ ದೊರೆಯಬೇಕಾದ ಮನ್ನಣೆ ದೊರೆಯಲಿಲ್ಲ.

ಅರ್ಧ ಶತಮಾನದ ಬಳಿಕ, ೧೯೫೬ರಲ್ಲಿ, ಅಮೆರಿಕದ ಬಫಲೋ ನಗರದಲ್ಲಿ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ ಮೊಲಗಳಲ್ಲಿ ಅವುಗಳ ಥೈರಾಯಿಡ್ ಗ್ರಂಥಿಯ ವಿರುದ್ಧ ಪ್ರತಿಕಾಯಗಳು ಹುಟ್ಟುವಂತೆ ಮಾಡಿ, ಗ್ರಂಥಿ ಹಾಳಾಗುವುದನ್ನು ಕಂಡರು. ಅದೇ ವರ್ಷ ಲಂಡನ್ನಿನಲ್ಲಿ ಐವನ್ ರಾಯಿಟ್, ಡೆಬೊರಾ ಡೋನಿಯಾಕ್ ಮತ್ತು ಸಂಗಡಿಗರು, ಜಪಾನಿನ ಹಶಿಮೊಟೊ ೧೯೧೨ರಲ್ಲಿ ವರ್ಣಿಸಿದ್ದ ಥೈರಾಯಿಡ್ ರೋಗವುಳ್ಳವರ ರಕ್ತದಲ್ಲಿ ಅಂಥವೇ ಪ್ರತಿಕಾಯಗಳನ್ನು ಗುರುತಿಸಿದರು. ಅಂದಿನಿಂದ ‘ಸಾಧ್ಯವೆ?’ ಎಂಬ ಪ್ರಶ್ನೆ ಹಿಂದೆ ಸರಿದು, ‘ಕೆಲವರಿಗೆ ಮಾತ್ರ ಏಕೆ?’ ಎಂಬ ಪ್ರಶ್ನೆ ಮುಂದೆ ಬಂದಿತು.

೩. ಬಿಳಿಯ ಕಣಗಳ ಮೇಲಿನ ಗುರುತು

ಉತ್ತರದ ಒಂದು ಭಾಗ ದೊರೆತದ್ದು ಅನಿರೀಕ್ಷಿತವಾದ ದಿಕ್ಕಿನಿಂದ. ೧೯೫೮ರಲ್ಲಿ ಫ್ರಾನ್ಸಿನ ಜಾನ್ ದೊಸ್ಸೆ, ಮನುಷ್ಯರ ಬಿಳಿಯ ರಕ್ತಕಣಗಳ ಮೇಲೆ ಒಬ್ಬರಿಂದೊಬ್ಬರಿಗೆ ಭಿನ್ನವಾದ ಗುರುತುಗಳಿರುವುದನ್ನು ವರದಿಮಾಡಿದನು. ಅಂಗಗಳ ಕಸಿಯಲ್ಲಿ ಒಬ್ಬರ ಅಂಗ ಇನ್ನೊಬ್ಬರ ದೇಹಕ್ಕೆ ಒಗ್ಗುವುದೂ ಒಗ್ಗದಿರುವುದೂ ಈ ಗುರುತುಗಳನ್ನು ಬಹುವಾಗಿ ಅವಲಂಬಿಸಿದೆ. ಎಚ್‌ಎಲ್‌ಎ ಎಂದು ಕರೆಯಲಾಗುವ ಇವುಗಳನ್ನು ನಿರ್ಧರಿಸುವ ಜೀನುಗಳು, ಎಂದರೆ ವಂಶವಾಹಿಗಳು, ಆರನೆಯ ವರ್ಣತಂತುವಿನಲ್ಲಿ ಒತ್ತಾಗಿ ನೆಲೆಸಿವೆ. ಪ್ರಾಣಿಗಳಲ್ಲಿ ಇಂಥದೇ ಜೀನುಗಳನ್ನು ಅಭ್ಯಸಿಸಿದ್ದ ಜಾರ್ಜ್ ಸ್ನೆಲ್ ಮತ್ತು ಬರೂಜ್ ಬೆನಸೆರಾಫ್ ಅವರೊಂದಿಗೆ ದೊಸ್ಸೆಗೆ ೧೯೮೦ರ ನೊಬೆಲ್ ಪಾರಿತೋಷಕ ಸಂದಿತು.

೧೯೭೩ರಲ್ಲಿ ಎರಡು ಊರುಗಳಿಂದ ಒಂದೇ ಸುದ್ದಿ ಬಂದಿತು. ಬೆನ್ನೆಲುಬಿನ ಮಣಿಗಳು ಕ್ರಮೇಣ ಒಂದಕ್ಕೊಂದು ಬೆಸೆದು ಬೆನ್ನು ಸೆಟೆದುಹೋಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ರೋಗವುಳ್ಳವರನ್ನು ಲಂಡನ್ನಿನಲ್ಲಿ ಬ್ರೂಯರ್ಟನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ೭೫ ರೋಗಿಗಳಲ್ಲಿ ೭೨ ಮಂದಿಗೆ ಎಚ್‌ಎಲ್‌ಎ ಬಿ-೨೭ ಎಂಬ ಗುರುತು ಇತ್ತು. ಹೋಲಿಕೆಗಾಗಿ ತೆಗೆದುಕೊಂಡ ೭೫ ಮಂದಿಯಲ್ಲಿ ಅದು ಇದ್ದುದು ಮೂವರಿಗೆ ಮಾತ್ರ. ಲಾಸ್ ಏಂಜಲೀಸಿನ ತಂಡ ೪೦ ರೋಗಿಗಳಲ್ಲಿ ೩೫ ಮಂದಿಗೆ ಅದೇ ಗುರುತನ್ನು ಕಂಡಿತು. ಒಂದು ಜೀನಿಗೂ ಒಂದು ರೋಗಕ್ಕೂ ಇಷ್ಟು ಗಾಢವಾದ ನಂಟು ಇಂಥ ರೋಗಗಳಲ್ಲಿ ಅದುವರೆಗೆ ಕಂಡಿರಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಎಡವುವ ಸ್ಥಳವೊಂದಿದೆ. ರೋಗಿಗಳಲ್ಲಿ ಬಹುಪಾಲು ಮಂದಿಗೆ ಆ ಜೀನು ಇದೆ ಎಂಬ ಮಾತಿನಿಂದ, ಆ ಜೀನು ಇರುವವರಲ್ಲಿ ಬಹುಪಾಲು ಮಂದಿ ರೋಗಿಗಳಾಗುತ್ತಾರೆ ಎಂಬ ಮಾತು ಹೊರಡುವುದಿಲ್ಲ. ೧೮೩೦–೩೧ರ ನಗರದ ದಂಗೆಯಲ್ಲಿ ಎದ್ದುನಿಂತವರಲ್ಲಿ ಹೆಚ್ಚಿನವರು ರೈತರು. ಹಾಗೆಂದು ಅಂದಿನ ಮೈಸೂರು ಸಂಸ್ಥಾನದ ರೈತರಲ್ಲಿ ಹೆಚ್ಚಿನವರು ದಂಗೆಯೆದ್ದಿದ್ದರೆಂದು ನಾವು ಬರೆಯುವುದಿಲ್ಲ. ಬಿ-೨೭ ಇರುವ ನೂರು ಮಂದಿಯಲ್ಲಿ ಸುಮಾರು ತೊಂಬತ್ತೈದು ಮಂದಿಯಾದರೂ ಆ ಬೆನ್ನಿನ ರೋಗವಿಲ್ಲದೆಯೇ ಬಾಳನ್ನು ಮುಗಿಸುತ್ತಾರೆ. ಈ ಎರಡು ಮಾತುಗಳ ನಡುವಣ ಅಂತರವನ್ನು ಮರೆತುದರಿಂದಲೇ ಆನುವಂಶಿಕ ರೋಗಗಳ ಬಗೆಗಿನ ಅನಗತ್ಯ ಭಯದ ಬಹುಭಾಗ ಹುಟ್ಟಿದೆ.

ಈ ಗುರುತುಗಳು ಮಾಡುವ ಕೆಲಸವೇನು? ಜೀವಕೋಶದೊಳಗಿನ ಅಥವಾ ಅದು ಹೊರಗಿನಿಂದ ಪಡೆದ ಪ್ರೋಟೀನುಗಳ ಚಿಕ್ಕ ಚಿಕ್ಕ ತುಣುಕುಗಳನ್ನು ತಮ್ಮ ತೋಡಿನಲ್ಲಿ ಹಿಡಿದು, ಕೋಶದ ಮೇಲ್ಮೈಯಲ್ಲಿ ಬಿಳಿಯ ಕಣಗಳ ತನಿಖೆಗೆ ಒಡ್ಡುವುದೇ ಅವುಗಳ ಕೆಲಸ. ೧೯೮೭ರಲ್ಲಿ ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ ಮೊದಲಾದವರು ಈ ತೋಡಿನ ಆಕಾರವನ್ನು ಪ್ರತ್ಯಕ್ಷಪಡಿಸಿದರು. ತೋಡಿನ ರೂಪ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾದುದರಿಂದ, ಯಾವ ತುಣುಕು ತನಿಖೆಗೆ ಬರುತ್ತದೆ ಎಂಬುದೂ ಒಬ್ಬೊಬ್ಬರಲ್ಲಿ ಬೇರೆಯಾಗುತ್ತದೆ. ಕೆಲವು ರೂಪಗಳು ಸ್ವಂತದ ಅಥವಾ ನಿರುಪದ್ರವಿಯಾದ ತುಣುಕನ್ನು ಶತ್ರುವೆಂಬಂತೆ ತೋರಿಸುವ ಸಂಭವವನ್ನು ಹೆಚ್ಚಿಸುತ್ತವೆ.

೪. ಅವಳಿಗಳ ಸಾಕ್ಷ್ಯ

ಆನುವಂಶಿಕತೆಯ ಪಾಲೆಷ್ಟು ಎಂಬುದನ್ನು ಅಳೆಯಲು ಅವಳಿ ಮಕ್ಕಳ ಅಧ್ಯಯನಕ್ಕಿಂತ ಸರಳವಾದ ಮಾರ್ಗ ಬೇರೊಂದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನುಗಳು ಬಹುಮಟ್ಟಿಗೆ ಒಂದೇ. ಎರಡು ಅಂಡಗಳಿಂದ ಹುಟ್ಟಿದವರು ಸಾಮಾನ್ಯ ಒಡಹುಟ್ಟುಗಳಂತೆ ಅರ್ಧದಷ್ಟನ್ನು ಮಾತ್ರ ಹಂಚಿಕೊಂಡಿರುತ್ತಾರೆ. ೧೯೯೩ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ರುಮಟಾಯ್ಡ್ ಸಂಧಿವಾತವುಳ್ಳವರ ಏಕಾಂಡಜ ಅವಳಿಗಳಲ್ಲಿ ನೂರಕ್ಕೆ ಸುಮಾರು ೧೫ ಮಂದಿಗೆ ಆ ರೋಗವಿತ್ತು. ದ್ವ್ಯಂಡಜ ಅವಳಿಗಳಲ್ಲಿ ಸುಮಾರು ೪ ಮಂದಿಗೆ. ಮಲ್ಟಿಪಲ್ ಸ್ಕ್ಲೀರೋಸಿಸಿನಲ್ಲಿ ಏಕಾಂಡಜರ ಪ್ರಮಾಣ ನೂರಕ್ಕೆ ಸುಮಾರು ೨೫; ಒಂದನೆಯ ಬಗೆಯ ಮಧುಮೇಹದಲ್ಲಿ ೩೦ರಿಂದ ೫೦, ದೀರ್ಘಕಾಲ ಗಮನಿಸಿದಲ್ಲಿ ಇನ್ನೂ ಹೆಚ್ಚು.

ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕು. ಏಕಾಂಡಜರಲ್ಲಿ ಪ್ರಮಾಣ ಹೆಚ್ಚಾಗಿರುವುದು ಆನುವಂಶಿಕತೆಯ ಪಾತ್ರವನ್ನು ನಿಸ್ಸಂದೇಹವಾಗಿ ಸಾಧಿಸುತ್ತದೆ. ಆದರೆ ಅದು ನೂರಕ್ಕೆ ನೂರಾಗದಿರುವುದು, ಜೀನುಗಳಷ್ಟೇ ಸಾಲವೆಂಬುದನ್ನೂ ಅಷ್ಟೇ ನಿಸ್ಸಂದೇಹವಾಗಿ ಸಾಧಿಸುತ್ತದೆ. ಅದೇ ಜೀನು, ಅದೇ ಗರ್ಭ, ಬಹುಮಟ್ಟಿಗೆ ಅದೇ ಮನೆ. ಆದರೂ ರುಮಟಾಯ್ಡ್ ರೋಗಿಯ ಏಕಾಂಡಜ ಅವಳಿಗಳಲ್ಲಿ ನೂರಕ್ಕೆ ಎಂಬತ್ತೈದು ಮಂದಿ ಆ ರೋಗದಿಂದ ಪಾರಾಗಿದ್ದಾರೆ.

‘ಹದಿನೈದು ಪಟ್ಟು ಅಪಾಯ’ ಎಂಬಂಥ ಮಾತನ್ನು ಕೇಳಿದಾಗಲೂ ಎಚ್ಚರ ಬೇಕು. ಯೂರೋಪಿಯನ್ ಮೂಲದವರಲ್ಲಿ ಒಂದನೆಯ ಬಗೆಯ ಮಧುಮೇಹ ಬರುವ ಸಂಭವ ಸಾವಿರಕ್ಕೆ ಸುಮಾರು ೪. ರೋಗಿಯ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ನೂರಕ್ಕೆ ಸುಮಾರು ೬. ಇದು ಹದಿನೈದು ಪಟ್ಟು ಹೆಚ್ಚೆಂಬುದು ನಿಜ. ಆದರೆ ಒಡಹುಟ್ಟಿದವರಲ್ಲಿ ನೂರಕ್ಕೆ ೯೪ ಮಂದಿಗೆ ರೋಗ ಬರುವುದಿಲ್ಲವೆಂಬುದೂ ಅದೇ ಲೆಕ್ಕದ ಇನ್ನೊಂದು ಮುಖ.

೫. ಒಂದು ಜೀನು, ಹಲವು ಜೀನುಗಳು

ಒಂದೇ ಜೀನಿನ ದೋಷದಿಂದ ಬರುವ ಸ್ವಯಂಪ್ರತಿರಕ್ಷಾ ರೋಗಗಳೂ ಇವೆ, ಅವು ವಿರಳ. ‘ಏರ್’ ಎಂಬ ಜೀನು ಕೆಟ್ಟರೆ ಹಲವು ಗ್ರಂಥಿಗಳು ಒಟ್ಟಿಗೆ ಹಾಳಾಗುವ ರೋಗವೊಂದು ಬರುತ್ತದೆಂದು ೧೯೯೭ರಲ್ಲಿ ಗೊತ್ತಾಯಿತು. ‘ಫಾಕ್ಸ್‌ಪಿ-೩’ ಎಂಬ ಜೀನಿನ ದೋಷ ಎಳೆಯ ಗಂಡುಮಕ್ಕಳಲ್ಲಿ ಘೋರವಾದ ರೋಗವನ್ನುಂಟುಮಾಡುವುದು ೨೦೦೧ರಲ್ಲಿ ತಿಳಿದುಬಂದಿತು. ಜಪಾನಿನ ಶಿಮೋನ್ ಸಕಗುಚಿ ೧೯೯೫ರಲ್ಲಿ ಗುರುತಿಸಿದ್ದ, ಇತರ ಬಿಳಿಯ ಕಣಗಳನ್ನು ಅಂಕೆಯಲ್ಲಿಡುವ ಕಣಗಳ ಬೆಳವಣಿಗೆಗೆ ಈ ಜೀನೇ ಅಗತ್ಯವೆಂದು ಮುಂದೆ ಸ್ಥಿರಪಟ್ಟಿತು. ಎರ್ಲಿಖ್ ಊಹಿಸಿದ್ದ ತಡೆಯ ಏರ್ಪಾಡಿನ ಒಂದು ಭಾಗ ಹೀಗೆ ನೂರು ವರ್ಷಗಳ ಬಳಿಕ ಕಣ್ಣಿಗೆ ಬಿದ್ದಿತು. ಸಕಗುಚಿಗೂ, ಜೀನನ್ನು ಪತ್ತೆಮಾಡಿದ ಅಮೆರಿಕದ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ೨೦೨೫ರ ನೊಬೆಲ್ ಪಾರಿತೋಷಕ ದೊರೆಯಿತು.

ಸಾಮಾನ್ಯವಾಗಿ ಕಾಣುವ ರೋಗಗಳ ಸ್ಥಿತಿ ಬೇರೆ. ೨೦೦೭ರಲ್ಲಿ ಬ್ರಿಟನ್ನಿನ ವಿದ್ವಾಂಸರ ಒಕ್ಕೂಟವೊಂದು ಏಳು ರೋಗಗಳಿಗೆ ತಲಾ ಸುಮಾರು ಎರಡು ಸಾವಿರ ರೋಗಿಗಳ ವರ್ಣತಂತುಗಳನ್ನೂ ಮೂರು ಸಾವಿರ ಇತರರ ವರ್ಣತಂತುಗಳನ್ನೂ ಹೋಲಿಸಿ ನೋಡಿತು. ಅಲ್ಲಿಂದ ಮುಂದೆ ನಡೆದ ಇಂಥ ಅಧ್ಯಯನಗಳಿಂದ ಕೆಲವು ರೋಗಗಳಿಗೆ ಸಂಬಂಧಿಸಿದ ನೂರಕ್ಕೂ ಹೆಚ್ಚು ಸ್ಥಾನಗಳು ಬೆಳಕಿಗೆ ಬಂದಿವೆ. ಎಚ್‌ಎಲ್‌ಎ ಪ್ರದೇಶವನ್ನು ಬಿಟ್ಟರೆ ಇವುಗಳಲ್ಲಿ ಹೆಚ್ಚಿನವುಗಳ ಪ್ರಭಾವ ಬಿಡಿಬಿಡಿಯಾಗಿ ಅತ್ಯಲ್ಪ. ಒಂದೇ ಸ್ಥಾನ ಹಲವು ರೋಗಗಳಿಗೆ ಸಂಬಂಧಿಸಿರುವುದೂ ಉಂಟು. ಒಂದೇ ಮನೆತನದಲ್ಲಿ ಒಬ್ಬರಿಗೆ ಥೈರಾಯಿಡ್ ರೋಗ, ಇನ್ನೊಬ್ಬರಿಗೆ ಸಂಧಿವಾತ ಕಾಣಿಸುವುದಕ್ಕೆ ಇದು ಒಂದು ಕಾರಣ. ಈ ಅಧ್ಯಯನಗಳ ಬಹುಪಾಲು ಯೂರೋಪಿಯನ್ ಮೂಲದವರ ಮೇಲೆ ನಡೆದಿರುವುದರಿಂದ, ಅವುಗಳ ಅಂಕಿಗಳನ್ನು ನಮ್ಮ ಜನಕ್ಕೆ ಹಾಗೆಹಾಗೆಯೇ ಅನ್ವಯಿಸುವುದು ಯುಕ್ತವಲ್ಲ.

೬. ದೇಶದ ಸಾಕ್ಷ್ಯ

ಜೀನುಗಳು ಒಂದೇ ಬಗೆಯಾಗಿದ್ದು ಬಾಳಿನ ಪರಿಸ್ಥಿತಿ ಬೇರೆಯಾದರೆ ಏನಾಗುತ್ತದೆ? ಇದಕ್ಕೆ ಪ್ರಸಿದ್ಧವಾದ ನಿದರ್ಶನ ಕರೇಲಿಯ ಪ್ರಾಂತ. ಅದರ ಒಂದು ಭಾಗ ಫಿನ್ಲೆಂಡಿನಲ್ಲಿಯೂ ಇನ್ನೊಂದು ರಷ್ಯದಲ್ಲಿಯೂ ಇದೆ. ಒಂದನೆಯ ಬಗೆಯ ಮಧುಮೇಹದಲ್ಲಿ ಫಿನ್ಲೆಂಡಿನ ಮಕ್ಕಳದು ಜಗತ್ತಿನಲ್ಲಿಯೇ ಅತ್ಯಧಿಕವಾದ ಪ್ರಮಾಣ. ೨೦೦೫ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಪಾಯಕರವಾದ ಎಚ್‌ಎಲ್‌ಎ ರೂಪಗಳು ಗಡಿಯ ಎರಡು ಕಡೆಯೂ ಹೆಚ್ಚು ಕಡಮೆ ಸಮನಾಗಿದ್ದರೂ, ರೋಗದ ಪ್ರಮಾಣ ಫಿನ್ಲೆಂಡಿನ ಕಡೆ ಸುಮಾರು ಆರು ಪಟ್ಟು ಹೆಚ್ಚಾಗಿರುವುದನ್ನು ತೋರಿಸಿತು. ಅಲ್ಲದೆ ೧೯೫೦ರ ದಶಕದಿಂದ ಅರ್ಧ ಶತಮಾನದಲ್ಲಿ ಫಿನ್ಲೆಂಡಿನಲ್ಲಿಯೇ ಈ ರೋಗ ಹಲವು ಪಟ್ಟು ಏರಿತು. ಎರಡು ಮೂರು ತಲೆಮಾರುಗಳಲ್ಲಿ ಒಂದು ಜನಾಂಗದ ಜೀನುಗಳು ಅಷ್ಟಾಗಿ ಬದಲಾಗಲಾರವು. ಬದಲಾದುದು ಬದುಕಿನ ರೀತಿ.

ಎರಡನೆಯ ನಿದರ್ಶನ ಗೋಧಿಯ ಗ್ಲೂಟೆನ್ ಎಂಬ ಅಂಶದಿಂದ ಕರುಳು ಕೆಡುವ ಸೀಲಿಯಾಕ್ ರೋಗದ್ದು. ಹಾಲೆಂಡಿನ ಮಕ್ಕಳ ವೈದ್ಯ ಡಿಕ್ಕೆ ಈ ರೋಗಕ್ಕೆ ಗೋಧಿಯೇ ಕಾರಣವಿರಬೇಕೆಂದು ಮೊದಲೇ ಶಂಕಿಸಿದ್ದನು. ೧೯೪೪–೪೫ರ ಚಳಿಗಾಲದಲ್ಲಿ ಯುದ್ಧದ ದೆಸೆಯಿಂದ ಆ ದೇಶದಲ್ಲಿ ಬ್ರೆಡ್ಡು ದುರ್ಲಭವಾಗಿ ಕ್ಷಾಮ ತಲೆದೋರಿದಾಗ, ಅವನ ಈ ರೋಗಿಗಳು ಮಾತ್ರ ಚೇತರಿಸಿಕೊಂಡರು. ೧೯೫೦ರಲ್ಲಿ ಅವನು ಇದನ್ನು ಪ್ರಬಂಧರೂಪದಲ್ಲಿ ಮಂಡಿಸಿದನು. ಈ ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ಡಿಕ್ಯು-೨ ಅಥವಾ ಡಿಕ್ಯು-೮ ಎಂಬ ಎಚ್‌ಎಲ್‌ಎ ರೂಪವಿರುತ್ತದೆ. ಗ್ಲೂಟೆನ್ನಿನ ತುಣುಕುಗಳು ಆ ತೋಡುಗಳಲ್ಲಿ ಬಿಗಿಯಾಗಿ ಕೂರುತ್ತವೆ.

ನಮ್ಮ ದೇಶದಲ್ಲಿ ೨೩ ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಬಹಳ ಉಪಯುಕ್ತವಾಗಿದೆ. ಈ ಎಚ್‌ಎಲ್‌ಎ ರೂಪಗಳು ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು ೩೮, ಈಶಾನ್ಯದಲ್ಲಿ ೩೧, ದಕ್ಷಿಣದಲ್ಲಿ ೩೬ ಮಂದಿಗೆ ಇದ್ದವು. ಎಂದರೆ ನೂಲು ಎಲ್ಲೆಡೆಯೂ ಹೆಚ್ಚು ಕಡಮೆ ಒಂದೇ. ಆದರೆ ರೋಗದ ಪ್ರಮಾಣ ಉತ್ತರದಲ್ಲಿ ಸಾವಿರಕ್ಕೆ ಎಂಟಕ್ಕಿಂತ ಹೆಚ್ಚು. ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಸುಮಾರು ಒಂದು. ಉತ್ತರದವರು ದಿನಕ್ಕೆ ಸರಾಸರಿ ೪೫೫ ಗ್ರಾಂ ಗೋಧಿಯನ್ನು ಉಣ್ಣುತ್ತಿದ್ದರೆ, ದಕ್ಷಿಣದವರು ಉಣ್ಣುತ್ತಿದ್ದುದು ೨೫ ಗ್ರಾಂ. ಅನ್ನ ಮುದ್ದೆಗಳ ನಾಡಿನಲ್ಲಿ ಆ ಜೀನು ಇದ್ದೂ ಇಲ್ಲದಂತೆ ಸುಮ್ಮನಿತ್ತೆಂದು ಹೇಳಲು ಮನಸ್ಸಾಗುತ್ತದೆ. ಆದರೆ ಅವಸರ ಸಲ್ಲದು. ಈಶಾನ್ಯದವರು ಉಣ್ಣುತ್ತಿದ್ದುದೂ ೩೭ ಗ್ರಾಂ ಮಾತ್ರ. ಆದರೂ ಅಲ್ಲಿ ರೋಗದ ಪ್ರಮಾಣ ಸಾವಿರಕ್ಕೆ ನಾಲ್ಕಕ್ಕಿಂತ ಹೆಚ್ಚು. ಗೋಧಿಯ ತೂಕವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದೆಂಬುದನ್ನು ಈ ಮೂರನೆಯ ಪ್ರದೇಶ ನೆನಪಿಸುತ್ತದೆ. ಒಂದೇ ಕಾರಣಕ್ಕೆ ಜೋತುಬೀಳುವ ಚರಿತ್ರಕಾರನಿಗೂ ಇದು ಒಳ್ಳೆಯ ಪಾಠ.

೭. ಕಾಲದ ಸಾಕ್ಷ್ಯ

ಹಾನಿಕರವಾದ ಜೀನುಗಳು ಇಷ್ಟು ವ್ಯಾಪಕವಾಗಿ ಉಳಿದುಬಂದುದು ಹೇಗೆ? ಅವು ಬೇರೊಂದು ಕಾಲದಲ್ಲಿ ಜನರನ್ನು ಕಾಪಾಡಿರಬೇಕೆಂಬುದು ಬಲವಾಗುತ್ತಿರುವ ಅಭಿಪ್ರಾಯ. ಇಟಲಿಗೆ ಸೇರಿದ ಸಾರ್ಡಿನಿಯ ದ್ವೀಪದಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್ ಹೆಚ್ಚು. ೧೯೪೬–೫೦ರ ಕಾರ್ಯಾಚರಣೆಯವರೆಗೆ ಅಲ್ಲಿ ಮಲೇರಿಯದ ಪಿಡುಗು ಪ್ರಬಲವಾಗಿತ್ತು. ಪ್ರತಿಕಾಯಗಳ ಉತ್ಪತ್ತಿಯನ್ನು ಹೆಚ್ಚಿಸುವ ಜೀನುರೂಪವೊಂದು ಅಲ್ಲಿ ಸಾಮಾನ್ಯವಾಗಿದ್ದು, ಆ ರೋಗಕ್ಕೂ ಲೂಪಸ್ಸಿಗೂ ಸಂಬಂಧಿಸಿದೆಯೆಂದು ೨೦೧೭ರಲ್ಲಿ ತಿಳಿದುಬಂದಿತು. ಮಲೇರಿಯವನ್ನು ಎದುರಿಸಲು ನೆರವಾದುದರಿಂದ ಅದು ಹಬ್ಬಿರಬೇಕೆಂದು ಸಂಶೋಧಕರ ಊಹೆ. ೨೦೨೪ರ ಇನ್ನೊಂದು ಅಧ್ಯಯನ ಪ್ರಾಚೀನ ಅಸ್ಥಿಗಳ ಡಿಎನ್‌ಎಯನ್ನು ಪರೀಕ್ಷಿಸಿ, ಮಲ್ಟಿಪಲ್ ಸ್ಕ್ಲೀರೋಸಿಸಿನ ಮುಖ್ಯ ಎಚ್‌ಎಲ್‌ಎ ರೂಪವು ಸುಮಾರು ಐದು ಸಾವಿರ ವರ್ಷಗಳ ಹಿಂದೆ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲುಗಳ ಪಶುಪಾಲಕರೊಡನೆ ಯೂರೋಪಿಗೆ ಬಂದಿತೆಂದು ವಾದಿಸಿದೆ. ದನಕುರಿಗಳೊಡನೆ ಬಾಳಿದ ಆ ಜನಕ್ಕೆ ಸೋಂಕುಗಳಿಂದ ಅದು ರಕ್ಷಣೆ ನೀಡಿರಬಹುದು.

ಇಂಥ ವಾದಗಳೆಲ್ಲವೂ ಸಮಾನ ಬಲವುಳ್ಳವಲ್ಲ. ೨೦೨೨ರಲ್ಲಿ, ೧೩೪೮–೪೯ರ ಮಹಾಮಾರಿಯಲ್ಲಿ ಸತ್ತವರನ್ನು ಹೂಳಿದ ಲಂಡನ್ನಿನ ಈಸ್ಟ್ ಸ್ಮಿತ್‌ಫೀಲ್ಡ್ ಸ್ಮಶಾನದ ಅಸ್ಥಿಗಳನ್ನೂ ಡೆನ್ಮಾರ್ಕಿನ ಅಸ್ಥಿಗಳನ್ನೂ ಪರೀಕ್ಷಿಸಿದ ತಂಡವೊಂದು, ಪ್ಲೇಗನ್ನು ತಾಳಲು ನೆರವಾದ ಜೀನುರೂಪವೊಂದು ಬದುಕುಳಿದವರಲ್ಲಿ ಹೆಚ್ಚಿತೆಂದೂ, ಅದೇ ರೂಪ ಇಂದು ಕರುಳಿನ ಕ್ರೋನ್ಸ್ ರೋಗದ ಅಪಾಯವನ್ನು ಹೆಚ್ಚಿಸುತ್ತದೆಂದೂ ಪ್ರಕಟಿಸಿತು. ವಾರ್ತೆ ಜಗತ್ತಿನಾದ್ಯಂತ ಹರಡಿತು. ಆದರೆ ಅದೇ ದತ್ತಾಂಶವನ್ನು ಮರುಪರಿಶೀಲಿಸಿದ ಇತರರು, ಅಂಥ ತೀರ್ಮಾನಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಆಕ್ಷೇಪಿಸಿದ್ದಾರೆ. ಈಜಿಪ್ಟಿನ ಎರಡನೆಯ ರಾಮೆಸಿಸನ ಶವಕ್ಕೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇತ್ತೆಂದು ಒಂದು ಕಾಲದಲ್ಲಿ ಬರೆದರು. ಎಕ್ಸ್-ಕಿರಣ ಚಿತ್ರಗಳನ್ನು ಮತ್ತೆ ನೋಡಿದವರು ಅದು ವೃದ್ಧಾಪ್ಯದಲ್ಲಿ ಬರುವ ಬೇರೊಂದು ಬೆನ್ನಿನ ವಿಕಾರವೆಂದರು. ಪ್ರಯೋಗಶಾಲೆಯಿಂದ ಬಂದಿತೆಂಬ ಕಾರಣಕ್ಕೆ ಒಂದು ಸಾಕ್ಷ್ಯವು ಪ್ರಶ್ನಾತೀತವಾಗುವುದಿಲ್ಲ. ಶಾಸನದ ಪಾಠವನ್ನು ಪರಿಶೀಲಿಸುವಷ್ಟೇ ನಿಷ್ಠುರವಾಗಿ ಅದನ್ನೂ ಪರಿಶೀಲಿಸಬೇಕು.

೮. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಮೂರು ಮಾತುಗಳು ಸ್ಥಿರಪಡುತ್ತವೆ. ಸ್ವಯಂಪ್ರತಿರಕ್ಷಾ ರೋಗಗಳಲ್ಲಿ ಆನುವಂಶಿಕತೆಗೆ ನಿಜವಾದ, ಅಳೆಯಬಹುದಾದ ಪಾಲುಂಟು. ಅದು ಒಂದು ಜೀನಿನದಲ್ಲ, ಸಾಮಾನ್ಯವಾಗಿ ಹಲವು ಜೀನುಗಳದು. ಆ ಜೀನುಗಳು ಅಪಾಯವನ್ನು ಹೆಚ್ಚಿಸುತ್ತವೆಯೇ ಹೊರತು ರೋಗವನ್ನು ವಿಧಿಸುವುದಿಲ್ಲ. ಆಹಾರ, ಸೋಂಕು, ಧೂಮಪಾನ ಮೊದಲಾದ ಬಾಹ್ಯ ಕಾರಣಗಳೂ ಆಕಸ್ಮಿಕವೂ ಅವುಗಳೊಡನೆ ಕೂಡಿದಾಗ ಮಾತ್ರ ರೋಗ ಕಾಣಿಸಿಕೊಳ್ಳುತ್ತದೆ.

ಈ ಮೂರನೆಯ ಮಾತನ್ನು ಮರೆತಾಗ ಏನಾಗುತ್ತದೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ‘ದುಷ್ಟ ಬೀಜ’ವೆಂಬ ಕಲ್ಪನೆಯನ್ನು ನಂಬಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೯೨೭ರಲ್ಲಿ ಬಲವಂತದ ಸಂತಾನಹರಣವನ್ನು ಎತ್ತಿಹಿಡಿಯಿತು. ೧೯೩೩ರ ಜರ್ಮನಿಯ ಕಾನೂನಿನ ಮೇರೆಗೆ ಸುಮಾರು ನಾಲ್ಕು ಲಕ್ಷ ಜನ ಅದಕ್ಕೆ ಗುರಿಯಾದರು. ಅಂದು ಅಲ್ಲಿ ರಾಜ್ಯಾಧಿಕಾರ ಮಾಡಿದ ತಪ್ಪನ್ನು ಇಂದು ನಮ್ಮ ಮನೆಗಳಲ್ಲಿ ಪ್ರೀತಿಯ ಹೆಸರಿನಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡುವ ಸಂಭವವಿದೆ: ರಕ್ತಪರೀಕ್ಷೆಯ ಕಾಗದವನ್ನು ಜಾತಕದಂತೆ ಓದುವುದು, ತಾಯಿಯ ಸಂಧಿವಾತವನ್ನು ಮಗಳ ಮದುವೆಗೆ ಅಡ್ಡಿಯಾಗಿ ತರುವುದು, ರೋಗಿಯನ್ನೇ ಕುಲದ ಕಳಂಕವೆಂದು ಮೂಲೆಗೆ ಸರಿಸುವುದು. ಬಂಧುಗಳಲ್ಲಿ ಇಂಥ ರೋಗವಿದ್ದರೆ ಅದರ ಲಕ್ಷಣಗಳನ್ನು ಅರಿತಿದ್ದು, ಅವು ಕಂಡಾಗ ತಡಮಾಡದೆ ವೈದ್ಯರ ಬಳಿಗೆ ಹೋಗುವುದು—ಆನುವಂಶಿಕತೆಯ ಜ್ಞಾನದಿಂದ ನಾವು ಪಡೆಯಬೇಕಾದ ಪ್ರಯೋಜನ ಇದು. ಬೇಗ ತಿಳಿದಷ್ಟೂ ಕೀಲುಗಳನ್ನೂ ಗ್ರಂಥಿಗಳನ್ನೂ ಉಳಿಸಿಕೊಳ್ಳುವ ಅವಕಾಶ ಹೆಚ್ಚು.

ವ್ಯಕ್ತಿಯ ಬಾಳನ್ನು ಅವನ ಕುಲದಿಂದಲೇ ಅಳೆಯಬಾರದೆಂದು ನಾವು ಚರಿತ್ರೆಯ ತರಗತಿಗಳಲ್ಲಿ ಬೋಧಿಸುತ್ತೇವೆ. ಜೀವವಿಜ್ಞಾನದ ಇಂದಿನ ಸಾಕ್ಷ್ಯವೂ ಆ ಬೋಧೆಗೆ ವಿರೋಧವಾಗಿಲ್ಲವೆಂಬುದನ್ನು ಅಧ್ಯಾಪಕ ಮಿತ್ರರು ತಮ್ಮ ವಿದ್ಯಾರ್ಥಿಗಳಿಗೆ ಮನಗಾಣಿಸಿಕೊಟ್ಟರೆ ಈ ಲೇಖನದ ಉದ್ದೇಶ ಸಫಲವಾದಂತೆ.